ಇಲಿವಾರವೂ ನನ್ನ ಹಾಡುವ ಕಾರೂ

ತಂಗಿಯ ಗಂಡ ಒಳ್ಳೆಯವನಾಗಿರಬಾರದು. ಕೆಟ್ಟವನಾಗಿದ್ದರೆ ಜಗಳವಾಡಬಹುದು, ಮಾತು ಬಿಡಬಹುದು, ಹಬ್ಬಕ್ಕೆ ಕರೆಯದೆ ಸೇಡು ತೀರಿಸಿಕೊಳ್ಳಬಹುದು. ಒಳ್ಳೆಯವನಾದರೆ ಏನೂ ಮಾಡುವ ಹಾಗಿಲ್ಲ, ಒಳಗೊಳಗೇ ಕುದಿಯಬೇಕು. ನಾನು ಸಪ್ನಾಳ ಮದುವೆಯಾದಾಗಿನಿಂದ ಕುದಿಯುತ್ತಿದ್ದೇನೆ, ಇನ್ನೂ ಬೆಂದಿಲ್ಲ.

ಸಪ್ನಾ ನನ್ನ ತಂಗಿ. ಅವಳ ಗಂಡ ಸುಖೇಶ್ ಮೈಸೂರು ಕಡೆಯ ಹುಡುಗ. ಖರಾಡಿಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಅದೇನೋ ಮಾಡುತ್ತಾನೆ. (ಏನು ಮಾಡುತ್ತಾನೆಂದು ನನಗೆ ಹಲವು ಸಲ ವಿವರಿಸಿದ್ದಾನೆ. ಪ್ರತಿ ಸಲವೂ ನಾನು ಗಂಭೀರವಾಗಿ ತಲೆಯಾಡಿಸಿದ್ದೇನೆ.) ದನಿ ಏರಿಸುವುದಿಲ್ಲ, ಊಟಕ್ಕೆ ಹೆಸರಿಡುವುದಿಲ್ಲ, ನನ್ನ ಅವ್ವ ಶಿವಬಸವ್ವನನ್ನು ಕಂಡಕೂಡಲೇ ಬಗ್ಗಿ ಕಾಲು ಮುಟ್ಟುತ್ತಾನೆ. ಇದು ಸಾಲದೆಂದು ಹೊಸ ಕಾರು ಬೇರೆ ಕೊಂಡ. ಒಳಗೆ ಕೂತರೆ ಮಹಾಬಳೇಶ್ವರದ ತಂಪು.

ನಾನು ಮುರುಗೆಪ್ಪ. ಪುಣೆ ಕ್ಯಾಂಪಿನ ಬಟ್ಟೆ ಅಂಗಡಿಯೊಂದರಲ್ಲಿ ಹೆಡ್ ಕ್ಲಾರ್ಕ್, ಮನೆ ಖಡಕಿಯಲ್ಲಿ. ನನಗೂ ಒಂದು ಕಾರಿದೆ. ಅದರ ವಯಸ್ಸು ಕೇಳಬೇಡಿ. ಗಾಜು ಇಳಿಸಿದರೆ ಧೂಳು, ಏರಿಸಿದರೆ ಸೆಕೆ. ಅದರ ಹವಾನಿಯಂತ್ರಣ ವ್ಯವಸ್ಥೆ ಇಷ್ಟೇ.

ಈ ಎರಡು ಕಾರುಗಳ ನಡುವಿನ ಯುದ್ಧ ಶುರುವಾದದ್ದು ಅವ್ವನ ಹೊಟ್ಟೆಯಿಂದ. ಕಾರು ಹತ್ತಿದರೆ ಅವ್ವನಿಗೆ ಹೊಟ್ಟೆ ತೊಳಸುತ್ತದೆ. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಕಚ್ಚಿದ್ದಾಯಿತು. ಆದರೆ ವರ್ಷಕ್ಕೊಮ್ಮೆ ಅವಳು ಸೋಲಾಪುರಕ್ಕೆ ಹೋಗಲೇಬೇಕು. ಅಲ್ಲಿ ಅವಳ ತಮ್ಮ, ನಮ್ಮ ಲಾಲಪ್ಪ ಮಾಮಾ, ಮಗ್ಗ ನಡೆಸುತ್ತಾನೆ. ಅಲ್ಲಿ ಅವ್ವನಿಗೆ ಗಣೇಶ ಚೌತಿಗಿಂತ ದೊಡ್ಡ ಹಬ್ಬ ಚೌತಿಯ ಮರುದಿನ. ಅದು ಇಲಿವಾರ. ನಮ್ಮದು ನೇಕಾರರ ಮನೆತನ. ಅವತ್ತು ಮಗ್ಗ ನಿಲ್ಲುತ್ತದೆ, ಕತ್ತರಿ ಮುಟ್ಟುವಂತಿಲ್ಲ. ಮಗ್ಗದ ಬುಡದಲ್ಲಿ ಕಡಬಿನ ಎಡೆ ಇಟ್ಟು, ವರ್ಷವಿಡೀ ನೂಲು ಕಡಿಯಬೇಡಪ್ಪ ಎಂದು ಇಲಿರಾಯನಿಗೆ ಕೈಮುಗಿಯುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅವ್ವ ಒಂದು ಇಲಿವಾರವನ್ನೂ ತಪ್ಪಿಸಿಲ್ಲ. ಇಷ್ಟು ವರ್ಷ ರೈಲಿನಲ್ಲಿ ಹೋಗುತ್ತಿದ್ದಳು. ಈ ಸಲ ಅವಳ ಮೊಣಕಾಲು ರೈಲಿನ ಮೆಟ್ಟಿಲಿಗೆ ಒಪ್ಪಲಿಲ್ಲ.

"ಅತ್ತೆ, ನಮ್ಮ ಕಾರಲ್ಲಿ ಬನ್ನಿ, ಏಸಿ ಫುಲ್ ಹಾಕ್ತೀನಿ. ಆರಾಮಾಗಿ ಮಲ್ಕೊಂಡ್ ಬರಬಹುದು," ಎಂದ ಸುಖೇಶ್. ಹೇಗೂ ಅವನೂ ಸಪ್ನಾಳೂ ಹಬ್ಬಕ್ಕೆ ಸೋಲಾಪುರಕ್ಕೆ ಹೊರಟಿದ್ದರು.

ನೀವೇ ಹೇಳಿ. ಹೆತ್ತ ಮಗ ಹಿಂದೆ ಖಾಲಿ ಕಾರು ಓಡಿಸಿಕೊಂಡು ಬರುವುದು, ಅವ್ವ ಮುಂದೆ ಅಳಿಯನ ಕಾರಿನಲ್ಲಿ ಇಳಿಯುವುದು. ಲಾಲಪ್ಪ ಮಾಮಾನ ಓಣಿ ಏನೆಂದೀತು?

ಆಗ ನನಗೆ ಒಂದು ದಿವ್ಯ ಉಪಾಯ ಹೊಳೆಯಿತು. (ನನ್ನ ಹೆಂಡತಿ ಶೈಲಾಳಿಗೆ ಈ ಮೂರು ಪದ ಕೇಳಿದರೆ ಮೈಯಲ್ಲಿ ನಡುಕ ಬರುತ್ತದೆ.)

ಇದು ಹಾಡುಗಳೆಲ್ಲ ಫೋನಿನೊಳಗೆ ಬಂದು ಕೂರುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಮ್ಮ ಮನೆಯಲ್ಲಿ ಒಂದು ಸ್ಯಾಟಲೈಟ್ ರೇಡಿಯೋ ಇತ್ತು. ಆಕಾಶದಲ್ಲಿ ನಿಂತ ಉಪಗ್ರಹದಿಂದ ನೇರವಾಗಿ ಹಾಡು ಇಳಿಸುವ ಪೆಟ್ಟಿಗೆ ಅದು. ಜೊತೆಗೆ ಚಪಾತಿ ಮಣೆಯಂಥ ಒಂದು ಆಂಟೆನಾ. ಮಣೆಯ ಮುಖ ಉಪಗ್ರಹದ ಕಡೆಗಿದ್ದರೆ ಹಾಡು, ಚೂರು ಸರಿದರೆ ಮೌನ. ಪುಣೆಯಲ್ಲಿ ಕೂತು ದಿನವಿಡೀ ಕನ್ನಡ ಕೇಳಬಹುದಿತ್ತು. (ಅದನ್ನೂ ಹಿಂದಿನ ದೀಪಾವಳಿಗೆ ಸುಖೇಶನೇ ತಂದುಕೊಟ್ಟಿದ್ದ. ಒಳ್ಳೆಯವನು ಎಂದೆನಲ್ಲ.) ಅದರೊಳಗಿನ ಹುಡುಗಿ, "ನಮಸ್ಕಾರ ಕೇಳುಗರೇ, ಹೇಗಿದ್ದೀರಾ?" ಎಂದರೆ ಅವ್ವ ಕೂತಲ್ಲಿಂದಲೇ, "ಆರಾಮ ಇದ್ದೀನ್ರೀ, ನೀವು ಹ್ಯಾಂಗದೀರಿ?" ಎನ್ನುತ್ತಿದ್ದಳು. ಆ ಹುಡುಗಿಯ ಜೊತೆ ಮಾತಿಗೆ ಕೂತರೆ ಅವ್ವನಿಗೆ ಮೊಣಕಾಲು ನೋವೂ ನೆನಪಿರುವುದಿಲ್ಲ. ಅಂದಮೇಲೆ ಆ ಹುಡುಗಿಯನ್ನು ಕಾರಿನೊಳಗೆ ಕೂರಿಸಿದರೆ ಹೊಟ್ಟೆ ಎಲ್ಲಿ ನೆನಪಿರುತ್ತದೆ?

ಅವ್ವ ಪೂರ್ತಿ ಕೇಳಿ ತೀರ್ಪು ಕೊಟ್ಟಳು. "ನೋಡಪಾ ಮುರುಗ್ಯಾ, ನಿನ್ನ ಕಾರಿನ್ಯಾಗ ಆ ಹುಡುಗಿ ಮಾತಾಡಿದ್ರ ನಿನ್ನ ಕಾರಿನ್ಯಾಗ ಬರ್ತೀನಿ. ಇಲ್ಲಾಂದ್ರ ಅಳಿಯಂದ್ರ ಕಾರಿನ್ಯಾಗ ಕಣ್ಣ ಮುಚ್ಚಿ ಮಲಗ್ತೀನಿ."

ಶೈಲಾ ಅಡುಗೆಮನೆಯಿಂದಲೇ ಕೂಗಿದಳು. "ರೀ, ಟ್ಯೂಬ್‌ಲೈಟ್ ಬದಲಿ ಮಾಡ್ಲಿಕ್ಕೆ ಹೋಗಿ ಇಡೀ ಬಿಲ್ಡಿಂಗಿನ ಕರೆಂಟ್ ತಗದವ್ರು ನೀವು. ಯಾರರೆ ಮೆಕ್ಯಾನಿಕ್ ಕರಸ್ರಿ."

"ಶೈಲಾ, ನಾ ಮಗ್ಗದ ಮನಿತನದಾಂವ. ಸಾವಿರಗಟ್ಟಲೆ ಎಳಿ ಹಾಸು ಹೂಡಿದವ್ರ ಮಗ. ನಾಕ ವೈರಿಗೆ ಅಂಜ್ತೀನೇನು?"

"ಹೂಡಿದವ್ರು ನಿಮ್ಮಪ್ಪಾರು. ನೀವು ಹೂಡಿದ್ದು ಏನರೆ ಇದ್ರ ತೋರಸ್ರಿ."

ಮರುದಿನ ಸಂಜೆಯಿಂದ ಕೆಲಸ ಶುರು. ರೇಡಿಯೋಕ್ಕೆ ಕಾರಿನ ಬ್ಯಾಟರಿಯಿಂದ ಕರೆಂಟು ಕೊಡಬೇಕು, ಅದರ ದನಿಯನ್ನು ಕಾರಿನ ಸ್ಪೀಕರಿಗೆ ಎಳೆಯಬೇಕು, ಆಂಟೆನಾವನ್ನು ಮುಂದಿನ ಗಾಜಿನ ಹತ್ತಿರ ಹಿಡಿಯಬೇಕು. ನಾನು ಡ್ಯಾಶ್‌ಬೋರ್ಡಿನ ಬುಡದಲ್ಲಿ ತಲೆ ಹಾಕಿ ಮಲಗಿದೆ, ಕಾಲು ಬಾಗಿಲಿನಿಂದ ಹೊರಗೆ. ಶೈಲಾ ಮಣೆ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು.

"ಎಡಕ್ಕ ತಿರಗಸು... ಇನ್ನಷ್ಟು ಎಡಕ್ಕ... ಅಯ್ಯ, ನಿನ್ನ ಎಡಕ್ಕಲ್ಲ, ನನ್ನ ಎಡಕ್ಕ!"

"ನಿಮ್ಮ ತಲಿ ಸೀಟಿನ ಬುಡಕ ಅದ, ಕಾಲು ಬೀದ್ಯಾಗ ಅದಾವ. ನಿಮ್ಮ ಎಡಾ ಯಾವದಂತ ನಾ ಹ್ಯಾಂಗ ತಿಳೀಲಿ?"

ಪುಣೆಯಲ್ಲಿ ಕಾರಿನ ಬಾನೆಟ್ ತೆರೆದು ನಿಂತವನಿಗೆ ಸಲಹೆ ಪುಕ್ಕಟೆ. ಎದುರುಮನೆಯ ಕಾಕಾ ಬಂದು, "ಅರ್ಥಿಂಗ್ ಬಘಾ, ಅರ್ಥಿಂಗ್!" ಎಂದು ಮರಾಠಿಯಲ್ಲಿ ಹೇಳಿ ಹೋದರು. ಹಾಲು ತರಲು ಹೊರಟ ಅವರ ಹೆಂಡತಿಯೂ ಅದನ್ನೇ ಹೇಳಿದರು. ಅರ್ಥಿಂಗ್ ನೋಡಿದೆ, ಫ್ಯೂಜ್ ನೋಡಿದೆ. ಕೆಂಪು ವೈರಿಗೆ ಕೆಂಪು, ಕಪ್ಪಿಗೆ ಕಪ್ಪು ಕೂಡಿಸಿದೆ. ಉಳಿದ ಹಳದಿ ವೈರನ್ನು ಶಿವನ ಮೇಲೆ ಭಾರ ಹಾಕಿ ಸಿಕ್ಕಲ್ಲಿ ಸಿಕ್ಕಿಸಿದೆ. ಶೈಲಾ ಬೇಸತ್ತು ಮಣೆಯನ್ನು ಎದುರಿನ ಕಟ್ಟಡದ ನೀರಿನ ಟಾಕಿಯ ಎಡಕ್ಕೆ ಮುಖ ಮಾಡಿ ಹಿಡಿದಳೋ ಇಲ್ಲವೋ, "ನಮಸ್ಕಾರ ಕೇಳುಗರೇ!"

ನಾನು ಎದ್ದು ಕೂಗಲು ಹೋಗಿ ಸ್ಟೀರಿಂಗಿಗೆ ತಲೆ ಬಡಿಸಿಕೊಂಡೆ. ಬಾಲ್ಕನಿಯಿಂದ ಅವ್ವ, "ಆರಾಮ ಇದ್ದೀನ್ರೀ!" ಎಂದಳು. ಆ ಕ್ಷಣ ಉಪಗ್ರಹ ಹಾರಿಸಿದವರಿಗೂ ನನಗೂ ಹೆಚ್ಚು ಫರಕು ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಕೂತು ಗುಂಡಿ ಒತ್ತಿದೆ. ಮೌನ. ದೀಪವೇ ಹತ್ತಲಿಲ್ಲ. ಸಂಜೆ ಮತ್ತೆ ಬಿಚ್ಚಿದೆ, ಒಂದು ಕಡೆ ವೈರು ತುಂಡಾಗಿತ್ತು. ನಾನೇ ಜೋರಾಗಿ ಎಳೆದಿರಬೇಕೆಂದು ಹೊಸದು ಹಾಕಿದೆ. ಹಾಡು ಬಂತು. ಮಾರನೆಯ ಬೆಳಿಗ್ಗೆ ಮತ್ತೆ ಮೌನ. ಹೀಗೇ ನಡೆಯಿತು. ಸಂಜೆ ಹಾಡುವ ಕಾರು ಬೆಳಿಗ್ಗೆ ಮೌನವ್ರತ ಹಿಡಿಯುತ್ತಿತ್ತು. ನಾನು ವೈರಿನ ಅಂಗಡಿಯವನನ್ನು ಬೈದೆ, ಉಪಗ್ರಹವನ್ನು ಬೈದೆ. ಒಂದು ದಿನ ಸುಖೇಶನ ಮೇಲೂ ಗುಮಾನಿ ಬಂತು. (ಅವನು ಖರಾಡಿಯಿಂದ ರಾತ್ರಿ ಬಸ್ಸು ಹಿಡಿದು ಬಂದು ನನ್ನ ವೈರು ಕತ್ತರಿಸಿ ಹೋಗುತ್ತಿರಬಹುದೇ? ಇಲ್ಲ, ಅವನು ಅಷ್ಟು ಕೆಟ್ಟವನಲ್ಲ. ಅದೇ ನನ್ನ ದೂರು.)

ಇಷ್ಟರಲ್ಲಿ ಶೈಲಾ ಮಾತ್ರ ಆಂಟೆನಾ ವಿದ್ಯೆಯಲ್ಲಿ ಪಂಡಿತೆಯಾಗಿದ್ದಳು. ಕಾರನ್ನು ಪರೀಕ್ಷೆಗೆಂದು ಓಡಿಸಿದರೆ, ನಾನು ಬಲಕ್ಕೆ ತಿರುಗಿದಾಗ ಅವಳು ಮಣೆಯನ್ನು ಎಡಕ್ಕೆ ತಿರುಗಿಸುವಳು, ನಾನು ಎಡಕ್ಕೆ ಹೊರಳಿದರೆ ಅವಳು ಬಲಕ್ಕೆ. ಒಂದು ಅಕ್ಷರ ಕಡಿಯದಂತೆ ಹಾಡು ಬರುತ್ತಿತ್ತು. ಮದುವೆಯಾದಾಗಿನಿಂದ ನಾನು ಒಂದು ಕಡೆಗೆಂದರೆ ಅವಳು ಇನ್ನೊಂದು ಕಡೆಗೆ ಎಂದು ಕೊರಗುತ್ತಿದ್ದೆ. ಆ ಗುಣಕ್ಕೆ ಇಂಥ ತಾಂತ್ರಿಕ ಬೆಲೆ ಇದೆ ಎಂದು ಗೊತ್ತಿರಲಿಲ್ಲ. ಮತ್ತೊಂದು ಸಂಗತಿಯೂ ತಿಳಿಯಿತು. ಸೋಲಾಪುರದ ರಸ್ತೆ ಹೆಚ್ಚುಕಡಿಮೆ ಉಪಗ್ರಹದ ದಿಕ್ಕಿಗೇ ಹೋಗುತ್ತದೆ. ಒಮ್ಮೆ ಆ ರಸ್ತೆ ಹಿಡಿದರೆ ಮಣೆಯನ್ನು ಮುಂದೆ ಹಿಡಿದು ಕೂತರಾಯಿತು, ಅವ್ವ ಮಾಮಾನ ಬಾಗಿಲವರೆಗೆ ಹರಟೆ ಹೊಡೆಯಬಹುದು. ವೈರೊಂದು ಗಟ್ಟಿಯಾಗಿ ನಿಲ್ಲಬೇಕಿತ್ತು.

ಹಬ್ಬ ಹತ್ತಿರ ಬಂದಾಗ ತಾಳ್ಮೆ ಕೆಟ್ಟು ಡ್ಯಾಶ್‌ಬೋರ್ಡನ್ನೇ ಪೂರ್ತಿ ಬಿಚ್ಚಿದೆ. ಟಾರ್ಚು ಬಿಟ್ಟು ನೋಡಿದರೆ ವೈರಿನ ತುದಿಗಳು ಹಲ್ಲಿನಿಂದ ಕಡಿದಂತಿದ್ದವು. ಸುತ್ತ ಕರಿ ಜೀರಿಗೆಯಂಥ ಹಿಕ್ಕೆ. ಇಲಿ! ಸೀಟು ಎತ್ತಿ ನೋಡಿದೆ. ಅಲ್ಲಿ ಜೋಳದ ರೊಟ್ಟಿಯ ತುಂಡುಗಳು, ಮೇಲೆ ಶೇಂಗಾ ಚಟ್ನಿಪುಡಿ. ಇಲಿ ತಾನಾಗಿ ಚಟ್ನಿ ಹಚ್ಚಿಕೊಂಡು ಉಣ್ಣುವುದನ್ನು ನಾನು ಎಲ್ಲೂ ಕೇಳಿಲ್ಲ. ರೊಟ್ಟಿ ಹಿಡಿದುಕೊಂಡು ಮೇಲೆ ಹೋದೆ.

"ಅವ್ವಾ, ಕಾರಿನ್ಯಾಗ ರೊಟ್ಟಿ ಯಾರು ಇಟ್ಟಾರ?"

"ನಾ ಇಟ್ಟೀನಿ. ಯಾಕ?"

"ಇಲಿ ಬರ್ತದವ್ವಾ!"

"ಬರ್ತದ ಅಂತನ ಇಟ್ಟೀನಿ. ಮೊದಲ್ನೇ ದಿನಾನ ನೋಡೀನಿ, ಚಕ್ರದ ಬುಡಕ ಕುಂತಿತ್ತು. ಹಸದ ಇಲಿ ವೈರ್ ಕಡೀತದ. ಹೊಟ್ಟಿ ತುಂಬಿದ್ದು ಯಾಕ ಕಡೀತದ? ನಿನ್ನ ರೇಡಿಯೋ ಉಳೀಲಿ ಅಂತನ ದಿನಾ ಸಂಜಿಮುಂದ ಇಟ್ಟು ಬರ್ತೀನಿ."

"ರೊಟ್ಟಿ ಊಟಾ ಮಾಡಿ, ಮ್ಯಾಲೆ ಎಲಿ ಅಡಿಕಿ ಹಾಕ್ಕೊಂಡಂಗ ವೈರ್ ಹಾಕ್ಕೊಳ್ಳಾಕ ಹತ್ತ್ಯದವ್ವಾ!"

ಶೈಲಾ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಬೋನು ತರುತ್ತೇನೆಂದೆ. ಅವ್ವ ಎದ್ದು ನಿಂತಳು. (ಮೊಣಕಾಲು ನೋವಿದ್ದವಳು, ಕೈಯೂರದೆ ಎದ್ದಳು.)

"ಇಲಿವಾರ ಬಾಗಲಿಗೆ ಬಂದದ, ಬೋನು ಇಡ್ತಿಯೇನೋ? ನೇಕಾರರ ಹೊಟ್ಟ್ಯಾಗ ಹುಟ್ಟಿದಾಂವ ಹೌದಲ್ಲೋ ನೀ? ನೀ ಇಲ್ಲಿ ಅದನ್ನ ಹಿಡದ್ರ ಅಲ್ಲಿ ನನ್ನ ತಮ್ಮನ ಮಗ್ಗದಾಗ ಹಾಸಿನ ನೂಲು ಹರೀತದ. ರೇಡಿಯೋ ಇಲ್ಲಾಂದ್ರ ಇಲ್ಲ. ನಾ ಅಳಿಯಂದ್ರ ಕಾರಿನ್ಯಾಗ ಹೋಗ್ತೀನಿ ಬಿಡು."

ಕೊನೆಯ ಮಾತು ನನ್ನ ಎದೆಗೆ ನಾಟಿತು. ಹೂಂ ಎಂದು ತಲೆಯಾಡಿಸಿದೆ, ಮರುದಿನ ಕ್ಯಾಂಪಿನ ಮಾರ್ಕೆಟ್ಟಿನಿಂದ ಒಂದು ತಂತಿಯ ಬೋನು ತಂದೆ. ಶೈಲಾಗೂ ಹೇಳಲಿಲ್ಲ. ಶೇಂಗಾ ಹೋಳಿಗೆಯ ಒಂದು ತುಂಡು ಕದ್ದು ಬೋನಿನೊಳಗೆ ಸಿಕ್ಕಿಸಿ ಕಾರಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಒಳಗೆ ಕೂತಿತ್ತು. ಅವ್ವನ ರೊಟ್ಟಿ ತಿಂದು ತಿಂದು ದುಂಡಗಾಗಿದ್ದ ಇಲಿ, ಹೋಳಿಗೆ ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿತ್ತು.

ಕೊಲ್ಲುವ ಮಾತೇ ಇಲ್ಲ. ನಾನೂ ನೇಕಾರರ ಮಗನೇ. ಇಲಿಗೆ ವಿಧಿಸಿದ್ದು ಗಡೀಪಾರು ಅಷ್ಟೇ. ಸಪ್ನಾಳಿಗೆ ಚಕ್ಕುಲಿ ಕೊಡುವ ನೆಪದಲ್ಲಿ ಬೋನನ್ನು ಡಿಕ್ಕಿಯಲ್ಲಿಟ್ಟುಕೊಂಡು ಖರಾಡಿಗೆ ಹೊರಟೆ. ದಾರಿಯಲ್ಲಿ ನದಿ ದಂಡೆಯಲ್ಲಿ ಬಿಡುವುದೆಂದು ಯೋಚನೆಯಿತ್ತು. ದಂಡೆ ಬಂತು, ಹೋಯಿತು. ಖಾಲಿ ಬಯಲೂ ಬಂತು, ಅದೂ ಹೋಯಿತು. ಸುಖೇಶನ ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದರೆ ಪಕ್ಕದಲ್ಲೇ ಅವನ ಹೊಸ ಕಾರು. (ಆಫೀಸು ಹತ್ತಿರವೆಂದು ಅವನು ನಡೆದು ಹೋಗುತ್ತಾನೆ. ಆರೋಗ್ಯಕ್ಕೆ ಒಳ್ಳೆಯದಂತೆ. ಒಳ್ಳೆಯದು ಬಿಟ್ಟರೆ ಬೇರೇನೂ ಮಾಡುವುದಿಲ್ಲವಲ್ಲ!) ಅದು ಎಷ್ಟು ಹೊಳೆಯುತ್ತಿತ್ತೆಂದರೆ ಬಾಗಿಲಲ್ಲಿ ನನ್ನ ಬೋಳುತಲೆ ಕಾಣುತ್ತಿತ್ತು. ಕೈ ತಾನಾಗಿ ಬೋನಿನ ಬಾಗಿಲು ಎತ್ತಿತು ಎಂದು ಬರೆಯಬಹುದಿತ್ತು. ಬೇಡ, ನಾನೇ ಎತ್ತಿದೆ. ಇಲಿ ಅತ್ತ ಇತ್ತ ನೋಡಿ ನೇರವಾಗಿ ಹೊಸ ಕಾರಿನ ಬುಡಕ್ಕೆ ನಡೆಯಿತು. ಬಾಡಿಗೆ ಮನೆ ಬಿಟ್ಟು ಬಂಗಲೆಗೆ ಹೋಗುವವರ ಠೀವಿ ಅದರ ನಡಿಗೆಯಲ್ಲಿತ್ತು.

ಆಮೇಲೆ ನನ್ನ ಕಾರು ಸಂಜೆಯೂ ಹಾಡಿತು, ಬೆಳಿಗ್ಗೆಯೂ ಹಾಡಿತು. ಅವ್ವ ಒಂದು ಸುತ್ತು ಬಂದು ಪರೀಕ್ಷೆ ಮಾಡಿದಳು. ಆ ಹುಡುಗಿಯ ಜೊತೆ ಮಳೆ, ಬೆಳೆ ಎಲ್ಲ ಮಾತಾಡಿದಳು, ನಿಂಬೆಹಣ್ಣು ಕೈಯಲ್ಲೇ ಉಳಿಯಿತು. "ಮುರುಗ್ಯಾ, ನಿನ್ನ ಕಾರು ಭಾಳ ಚಂದ ಆಗ್ಯದೋ," ಎಂದಳು. ಆ ರಾತ್ರಿ ನಾನು ಸುಖೇಶನನ್ನೂ ಕ್ಷಮಿಸಿಬಿಟ್ಟೆ.

ಚೌತಿಯ ಹಿಂದಿನ ದಿನ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಗಿತ್ತು. ನಾನು ಕಾರಿಗೆ ಕುಂಕುಮ ಹಚ್ಚುತ್ತಿದ್ದೆ, ಫೋನು ಬಂತು.

"ಭಾವ, ನಮ್ಮ ಕಾರು ಸ್ಟಾರ್ಟೇ ಆಗ್ತಿಲ್ಲ. ಎಲ್ಲಾ ವಾರ್ನಿಂಗ್ ಲೈಟೂ ಒಟ್ಟಿಗೆ ಉರೀತಿದೆ. ಬಾನೆಟ್ ಓಪನ್ ಮಾಡಿದ್ರೆ ಇಲಿ ವೈರೆಲ್ಲ ಕಟ್ ಮಾಡಿಬಿಟ್ಟಿದೆ! ನಮ್ಮ ಬಿಲ್ಡಿಂಗಲ್ಲಿ ಇಲೀನೇ ಇರ್ಲಿಲ್ಲ ಭಾವ, ಎಲ್ಲಿಂದ ಬಂತೋ ಗೊತ್ತಿಲ್ಲ."

"ಹೌದ್ರಿ? ಛೇ ಛೇ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ಮೆಕ್ಯಾನಿಕ್ ಹಬ್ಬ ಮುಗಿಸ್ಕೊಂಡು ನಾಡಿದ್ದು ಬರ್ತಾನಂತೆ. ಹಾಗಾಗಿ ನಾವೂ ನಿಮ್ಮ ಕಾರಲ್ಲೇ ಬರ್ತೀವಿ. ಅಮ್ಮನೂ ಇದಾರೆ."

ಸ್ವಲ್ಪ ಹೊತ್ತಿಗೆ ರಿಕ್ಷಾ ಬಂದು ನಿಂತಿತು. ಸುಖೇಶ್, ಸಪ್ನಾ, ಜೊತೆಗೆ ಮೈಸೂರಿನಿಂದ ಬಂದಿದ್ದ ಸುಖೇಶನ ತಾಯಿ ಬೋರಮ್ಮ, ಅಂದರೆ ಅವ್ವನ ಬೀಗಿತ್ತಿ. ಆರು ಜನ, ಐದು ಸೀಟು.

ಲೆಕ್ಕ ಅವ್ವನೇ ಹಾಕಿದಳು. "ಬೀಗ್ತೇರು ಕಿಡಕಿ ಕಡೆ ಕುಂಡರ್ಲಿ. ಈ ಕಡೆ ನಾ, ನಡುವ ಸಪ್ನಾ. ಮುಂದ ಶೈಲಾ. ಆ ಮಣಿ ಹಿಡೀಲಿಕ್ಕೆ ಆಕಿಗೊಬ್ಬಾಕಿಗೇ ಬರ್ತದ. ಗಾಡಿ ಅಳಿಯಂದ್ರು ನಡಸ್ಲಿ, ಭಾಳ ಸಾವಕಾಶ ನಡಸ್ತಾರ."

"ಮತ್ತ ನಾ ಅವ್ವಾ? ಇದು ನನ್ನ ಕಾರು!"

"ಅಳಿಯನ್ನ ರೈಲಿನಾಗ ನಿಂದ್ರಿಸಿ ಕಳಸಿ ನೀ ಕಾರಿನ್ಯಾಗ ಕುಂಡರ್ತಿಯೇನು? ಬೀಗ್ತೇರ ಎದುರಿಗೆ?"

"ನಾನ್ ಟ್ರೇನಲ್ಲಿ ಬರ್ತೀನಿ ಅತ್ತೆ, ಪರ್ವಾಗಿಲ್ಲ," ಎಂದ ಸುಖೇಶ್. ಒಳ್ಳೆಯವನು ಹಾಗೆ ಹೇಳಲೇಬೇಕಲ್ಲ! ಅವನು ಹಾಗೆ ಹೇಳಿದ ಮೇಲೆ ನಾನು ಬಾಯಿ ತೆರೆಯುವ ಹಾಗೇ ಇರಲಿಲ್ಲ. ನಾನೇ ರೈಲಿನಲ್ಲಿ ಬರುತ್ತೇನೆಂದು ಬಾಯಿತುಂಬ ನಕ್ಕೆ.

ಬೋರಮ್ಮ ಮಾತು ಬದಲಿಸಿದರು. "ಅಲ್ಲಾ ಬೀಗ್ರೆ, ನಿಜವಾಗ್ಲೂ ಇಲೀಗೂ ಹಬ್ಬ ಮಾಡ್ತೀರಾ? ನಮ್ಮ ಕಡೆ ಪಾಷಾಣ ಇಡ್ತಾರೆ."

"ಅಯ್ಯ ಶಿವನ!" ಎಂದು ಅವ್ವ ಕಿವಿ ಮುಟ್ಟಿಕೊಂಡಳು. ಆಮೇಲೆ ತನ್ನ ಚೀಲ ಇಡಲು ಹಿಂದೆ ಹೋಗಿ ಡಿಕ್ಕಿ ತೆಗೆದಳು. ಅಲ್ಲೇ ಸ್ವಲ್ಪ ಹೊತ್ತು ಬಗ್ಗಿ ನಿಂತಳು. "ಮುರುಗ್ಯಾ, ಇಲ್ಲಿ ಬಾ," ಎಂದಳು.

ಹೋದೆ. ಡಿಕ್ಕಿಯ ಮೂಲೆಯಲ್ಲಿ ಬೋನಿತ್ತು. ತೆಗೆದಿಡಲು ಮರೆತಿದ್ದೆ. ಹೋಳಿಗೆಯ ಪುಡಿ ಇನ್ನೂ ಅದರಲ್ಲೇ ಇತ್ತು. ಅವ್ವ ಅದನ್ನು ಸೆರಗಿನ ಮರೆಗೆ ಹಿಡಿದು, ಮುಂದಿದ್ದವರಿಗೆ ಕೇಳದ ದನಿಯಲ್ಲಿ ಹೇಳಿದಳು.

"ನಾ ಸಾಲಿ ಕಲ್ತಾಕಿ ಅಲ್ಲ. ಆದ್ರ ಇಲಿ ತನ್ನ ಕಾಲ್ಲೇ ನಡಕೋತ ಖಡಕಿಯಿಂದ ಖರಾಡಿಗೆ ಹೋಗೂದಿಲ್ಲ ಅನ್ನೂದು ನನಗ ಗೊತ್ತದ."

ನಾನು ನನ್ನ ಚಪ್ಪಲಿ ನೋಡಿದೆ.

"ಬೀಗ್ತೇರ ಎದುರಿಗೆ ನಿನ್ನ ಮಾನಾ ಕಳ್ಯೂದಿಲ್ಲ. ಆದ್ರ ನೀ ಸೋಲಾಪುರಕ್ಕ ಬರೂದು ಬ್ಯಾಡ. ಉಣ್ಣೂ ಮನಿ ಬಿಡಿಸಿ ಒಂದು ಜೀವಾ ಹೊರಗ ಹಾಕೀದಿ. ನಾಡ್ದ ಇಲಿವಾರ. ನಿನ್ನ ಕೈಲೇ ಕಡಬು ಮಾಡಿ, ಅದು ಎಲ್ಲಿ ಅದನೋ ಅಲ್ಲೇ ಹೋಗಿ ಎಡಿ ಇಟ್ಟು ಕೈಮುಗದು ತಪ್ಪಾತು ಅನ್ನು. ಅದು ತಿಂದಿಂದ ನನಗ ಫೋನ್ ಮಾಡು."

ಮುಂದೆ ಬಂದು ಅವ್ವ ಎಲ್ಲರಿಗೂ ಕೇಳುವಂತೆ, "ಮುರುಗ್ಯಾಗ ಅಂಗಡ್ಯಾಗ ರಜಾ ಇಲ್ಲಂತ, ಪಾಪ," ಎಂದಳು. ಸುಖೇಶ್ ನನ್ನ ಕೈಹಿಡಿದು ಬೇಜಾರು ಮಾಡಿಕೊಂಡ. ಕಾರು ಹೊರಟಿತು. ಗೇಟಿನಲ್ಲಿ ಅದು ಬಲಕ್ಕೆ ಹೊರಳಿದಾಗ ಒಳಗೆ ಶೈಲಾಳ ಕೈ ಎಡಕ್ಕೆ ಹೊರಳಿದ್ದು ಕಾಣಿಸಿತು. "ನಮಸ್ಕಾರ ಕೇಳುಗರೇ" ಎಂಬ ದನಿ ಬೀದಿಯ ತಿರುವಿನವರೆಗೂ ಕೇಳಿಸಿತು. ಒಂದು ಅಕ್ಷರ ಕಡಿಯಲಿಲ್ಲ. ನನ್ನ ವೈರಿಂಗ್ ಅಷ್ಟು ಗಟ್ಟಿಯಾಗಿತ್ತು.

ಇಲಿವಾರದ ಬೆಳಿಗ್ಗೆ ನಾನು ಕಡಬು ಮಾಡಿದೆ. ಫೋನಿನಲ್ಲಿ ಶೈಲಾ ಪಾಠ ಹೇಳಿದಳು.

"ಹೂರಣ ಗಟ್ಟಿ ಆಗ್ಯದೇನ್ರಿ?"

"ಆಗ್ಯದ. ಪಾತೇಲಿ ಬಿಟ್ಟು ಬರವಲ್ದು."

"ಕಣಕ ಹದಾ ಆಗ್ಯದೇನು?"

"ಒಂದು ಉಂಡಿ ಕೆಳಗ ಬಿತ್ತು. ನೆಲದ ಫರಸಿ ಸೀಳ್ಯದ."

ಆಕಾರವಿಲ್ಲದ ಐದಾರು ಕಡಬು ಡಬ್ಬಿಗೆ ಹಾಕಿಕೊಂಡು ಬಸ್ಸು ಹಿಡಿದು ಖರಾಡಿಗೆ ಹೋದೆ. ನೆಲಮಾಳಿಗೆಯಲ್ಲಿ ಸುಖೇಶನ ಕಾರಿನ ಮುಂದೆ ಬಾಳೆಲೆ ಹಾಸುತ್ತಿದ್ದಾಗ ವಾಚ್‌ಮನ್ ಬಂದ.

"ಕಾಕಾ, ಇಥೆ ಕಾಯ ಕರತಾಯ?"

ಇಲ್ಲೇನು ಮಾಡುತ್ತಿದ್ದೀರಿ ಎಂದರೆ ಏನು ಹೇಳಲಿ? "ಪೂಜಾ," ಎಂದೆ.

"ಕೋಣಾಚೀ?" ಯಾರ ಪೂಜೆಯೆಂದು ಕೇಳಿದ.

"ಉಂದರಾಚೀ."

ಇಲಿಯ ಪೂಜೆ ಎಂದು ಕೇಳಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಫೋನು ತೆಗೆದು ಸುಖೇಶನಿಗೆ ಹಚ್ಚಿ, ಅನುಮಾನದಿಂದಲೇ ನನ್ನ ಕೈಗೆ ಕೊಟ್ಟ.

"ಭಾವ! ರಜಾ ಇಲ್ದಿದ್ರೂ ನಮ್ಮ ಕಾರಿಗೋಸ್ಕರ ಅಲ್ಲೀವರ್ಗೂ ಹೋಗಿ ಪೂಜೆ ಮಾಡ್ತಿದೀರಾ? ನಿಮ್ಮಂಥೋರು ಸಿಗಲ್ಲ ಭಾವ." ಅವನ ದನಿ ಒದ್ದೆಯಾಗಿತ್ತು. ಹಿಂದುಗಡೆ ರೇಡಿಯೋ ಹಾಡುತ್ತಿತ್ತು. ಮಾಮಾನ ಮನೆಯ ಮುಂದೆ ನಿಂತ ಕಾರಿನ ಸುತ್ತ ಓಣಿಯ ಹೆಂಗಸರೆಲ್ಲ ಸೇರಿದ್ದಾರಂತೆ. ಅವರೆಲ್ಲರ ಮೇಲೆ ಅವ್ವನ ದನಿ ಕೇಳಿಸಿತು, "ಆರಾಮ ಇದ್ದೀನ್ರೀ, ಇಲಿವಾರ ನಮ್ಮದು, ನೀವೂ ಊಟಕ್ಕ ಬರ್ರಿ!" ನನ್ನ ಕಣ್ಣು ತುಂಬಿ ಬಂದವು. ಹೆಮ್ಮೆಗೋ ನಾಚಿಕೆಗೋ ಗೊತ್ತಾಗಲಿಲ್ಲ, ಎರಡೂ ಇದ್ದವು.

"ಭಾವ, ಹೇಗೂ ಅಲ್ಲೇ ಇದೀರಲ್ಲ, ಮೆಕ್ಯಾನಿಕ್ ಬರೋವರ್ಗೂ ಸ್ವಲ್ಪ ಇರ್ತೀರಾ? ಕೀ ವಾಚ್‌ಮನ್ ಹತ್ರ ಇದೆ."

ಇಲ್ಲವೆನ್ನಲು ನನಗೆ ಯಾವ ಬಾಯಿತ್ತು? ಕಾದೆ. ಮೆಕ್ಯಾನಿಕ್ ಮಧ್ಯಾಹ್ನ ಬಂದ, ಸಂಜೆಯವರೆಗೆ ಒಂದೊಂದೇ ವೈರು ಬದಲಿಸಿದ. ನಾನು ಟಾರ್ಚು ಹಿಡಿದೆ, ಸ್ಕ್ರೂ ಎತ್ತಿಕೊಟ್ಟೆ, ಚಹಾ ತರಿಸಿದೆ. ಕೊನೆಗೆ ಕೀ ತಿರುಗಿಸಿದರೆ ಕಾರು ಗುರ್ರೆಂದು ಶುರುವಾಯಿತು. ಎಲ್ಲ ದೀಪವೂ ಆರಿ ತಣ್ಣನೆಯ ಗಾಳಿ ಬೀಸಿತು. ಅವನು ಬಾನೆಟ್ ಮುಚ್ಚಿ ಹೋದ.

ನೆಲಮಾಳಿಗೆ ಶಾಂತವಾಯಿತು. ಎಲೆಯ ಮೇಲೆ ಕಡಬು ಇಟ್ಟು, ಊದುಬತ್ತಿ ಹಚ್ಚಿ ಕೈಮುಗಿದೆ. "ತಪ್ಪಾತಪ್ಪ," ಎಂದೆ. ಮನಸ್ಸಿನಿಂದಲೇ ಹೇಳಿದೆ. ಚಕ್ರದ ಹಿಂದಿನಿಂದ ಎರಡು ಮೀಸೆ ಕಂಡವು, ಆಮೇಲೆ ಮೂತಿ. ಅದೇ ದುಂಡನೆಯ ಇಲಿ! ನನ್ನ ಗುರುತು ಸಿಕ್ಕಿರಬೇಕು, ಹೆದರದೆ ಎಲೆಯ ಹತ್ತಿರ ಬಂತು. ಒಂದು ಕಡಬು ಮೂಸಿತು. ಇನ್ನೊಂದನ್ನೂ ಮೂಸಿತು. ಹಲ್ಲು ಊರಲು ನೋಡಿತು, ಇಳಿಯಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಹಿಂದಿರುಗಿ ಚಕ್ರದ ಮೇಲೆ ಹತ್ತಿ ಬಾನೆಟ್ಟಿನ ಒಳಗೆ ಹೋಯಿತು.

ಅಷ್ಟರಲ್ಲಿ ಅವ್ವನ ಫೋನು.

"ಎಡಿ ಇಟ್ಟಿಯೇನೋ?"

"ಇಟ್ಟೀನವ್ವಾ."

"ಬಂತೇನು?"

"ಬಂತವ್ವಾ."

"ತಿಂತೇನು?"

ಬಾನೆಟ್ಟಿನ ಒಳಗಿನಿಂದ ಕರಕರ ಸದ್ದು ಬರತೊಡಗಿತು. ಹೊಸ ವೈರು, ಮೆತ್ತಗಿತ್ತೇನೋ.

"ತಿನ್ನಾಕ ಹತ್ತ್ಯದವ್ವಾ," ಎಂದೆ.

"ಹೊಟ್ಟಿ ತುಂಬ ತಿನ್ಲಿ. ನಡುವ ಏಳಸಬ್ಯಾಡ ಮತ್ತ, ಶಾಪ ತಟ್ಟತದ. ಮುಗಿಯೂತನಕ ಕೈಮುಗದು ನಿಂದ್ರು."

ನಿಂತೆ.